ನಲ್ಲಿಯ ನೀರಿಗೆ ಕಾನೂನು ಬೇಡವೆ?

ಭದ್ರಾ ನಾಲೆಯ ನೀರು ದಾವಣಗೆರೆಯ ಕುಂದವಾಡ ಕೆರೆಗೆ ಬಂದು ನಿಲ್ಲುತ್ತದೆ. ನಿಂತ ನೀರಿನಲ್ಲಿ ಪಾಚಿ ಬೆಳೆಯುತ್ತದೆ, ಎಲೆ ಕೊಳೆಯುತ್ತದೆ. ಅಂಥ ನೀರಿಗೆ ಕ್ಲೋರಿನ್ ಬೆರೆಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಕೊಳೆತ ಅಂಶದೊಡನೆ ಅದೇ ಕ್ಲೋರಿನ್ ಕೂಡಿ ಕ್ಲೋರೋಫಾರ್ಮ್ ಮೊದಲಾದ ವಿಷಗಳೂ ಹುಟ್ಟುತ್ತವೆ. ಹಾಲೆಂಡಿನ ರೂಕ್ ಎಂಬ ರಸಾಯನಶಾಸ್ತ್ರಜ್ಞರು 1974ರಲ್ಲೇ ಇದನ್ನು ತೋರಿಸಿಕೊಟ್ಟರು. ವರ್ಷಗಟ್ಟಲೆ ಕುಡಿದವರಿಗೆ ಮೂತ್ರಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಬಹುದೆಂದು ಸಂಶೋಧನೆಗಳು ಸೂಚಿಸಿವೆ. ಬಂಡವಾಳಗಾರರ ಅಮೆರಿಕೆಯೇ 1979ರಲ್ಲಿ ಇದಕ್ಕೆ ಕಾನೂನಿನ ಮಿತಿ ಹಾಕಿತು!

ಹಾಗೆಂದು ಕ್ಲೋರಿನ್ ಬೇಡವೆನ್ನುವವರು ನಾವಲ್ಲ. 2023ರಲ್ಲಿ ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ಬಡವರ ಜೀವ ಹೋದುದನ್ನು ಮರೆಯಲಾದೀತೆ? ಮೊದಲು ನೀರನ್ನು ಚೆನ್ನಾಗಿ ತಿಳಿಗೊಳಿಸಿ ಸೋಸಿರಿ, ಆಮೇಲೆ ಕ್ಲೋರಿನ್ ಹಾಕಿರಿ, ಹಾಕಿ ಅಳೆಯಿರಿ ಎನ್ನುತ್ತೇವೆ.

ಅಳತೆಗೋಲು ಇಲ್ಲವೆ? ಇದೆ. 2012ರ ಭಾರತೀಯ ಮಾನಕ 10500ರಂತೆ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರೋಫಾರ್ಮಿಗಿಂತ ಹೆಚ್ಚು ಇರಕೂಡದು. ಆದರೆ ನಲ್ಲಿಯ ನೀರು ಕೊಡುವವರಿಗೆ ಅದು ಬರಿಯ ಉಪದೇಶ. ಬಾಟಲಿ ನೀರು ಮಾರುವವನಿಗೋ ಆಹಾರ ಕಾನೂನುಂಟು, ದಂಡವುಂಟು. ಅಂದರೆ ಕಾಸು ಕೊಟ್ಟು ಬಾಟಲಿ ಕೊಂಡವನ ಗಂಟಲಿಗೆ ಕಾನೂನಿನ ಕಾವಲು. ಮಂಡಕ್ಕಿ ಭಟ್ಟಿಯಲ್ಲಿ ಬೆವರಿ ನಲ್ಲಿಗೆ ಬಾಯೊಡ್ಡುವವನಿಗೆ, ಹರಿಹರದ ಕೂಲಿಗೆ, ಕೊಕ್ಕನೂರಿನ ರೈತನಿಗೆ ಪುರಪಿತೃಗಳ, ಪಂಚಾಯಿತಿಯವರ ಭರವಸೆ! ನೀರಿನ ಕರ ಮಾತ್ರ ಉಪದೇಶವಲ್ಲ.

ಕೊಳವೆಯಲ್ಲಿ ಹೊತ್ತು ಕಳೆದಷ್ಟೂ ಈ ವಿಷ ಹೆಚ್ಚುತ್ತದೆ. ಆದ್ದರಿಂದ ಸಾಲಿನ ಕಟ್ಟಕಡೆಯ ನಲ್ಲಿಯ ನೀರನ್ನೇ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ಬಂದ ಅಂಕಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಬೇಕು. ಮಿತಿ ಮೀರಿದರೆ ಹೊಣೆಗಾರರಿಗೆ ದಂಡ ವಿಧಿಸುವ ಶಾಸನ ಬೇಕು. ಈ ಬೇಡಿಕೆಯ ಅರ್ಜಿ ಹಿಡಿದು ನಾವು ಕೇರಿಕೇರಿಗೆ ಬರುತ್ತೇವೆ. ಅಂಗಡಿಯವರೂ ಗಿರಣಿಯವರೂ ಸಹಿ ಹಾಕಿರಿ.