ಕೊನೆಯವನಿಗೂ ನೀರಿಡಿ

ಮ್ಯಾರಥಾನ್ ಓಟಕ್ಕೆ ತಾಲೀಮು ನಡೆಸಿದ್ದೇನೆಂದು ಹೇಳಿದಾಗ ಶಂಕರಪುರದ ನಮ್ಮ ನೆರೆಯ ಹಿರಿಯರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಓಟವೇ? ನಿನ್ನೆ ಬೆಳಿಗ್ಗೆ ನೀವು ಹೋಗುತ್ತಿದ್ದುದನ್ನು ನೋಡಿದೆ ಮೇಷ್ಟ್ರೆ. ಕಾಲಿಗೇನೋ ಪೆಟ್ಟಾಗಿದೆ ಅಂದುಕೊಂಡೆ” ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ನಾನು ಓಡುವ ರೀತಿಯೇ ಹಾಗೆ. ಮನೆಯಿಂದ ಹೊರಟು, ಶಂಕರಮಠ ದಾಟಿ, ವಾಣಿವಿಲಾಸ ರಸ್ತೆ ಹಿಡಿದು ಲಾಲ್‌ಬಾಗನ್ನು ಸೇರುವುದರೊಳಗೆ ಬಿರುಸಾಗಿ ನಡೆಯುವವರು ಕೆಲವರು ನನ್ನನ್ನು ಹಿಂದಿಕ್ಕುವುದುಂಟು. ತೋಟದೊಳಗಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನನ್ನ ವೇಗವನ್ನು ಕುರಿತು ಇದುವರೆಗೆ ಆಕ್ಷೇಪವೆತ್ತದಿರುವುದು ಅದೊಂದೇ.

ನನ್ನ ಜಗಳ ನಗುವವರೊಡನೆ ಅಲ್ಲ. ಹಣ ಪಡೆದು ಓಡಿಸುವವರೊಡನೆ.

ಕಳೆದ ವರ್ಷ ಒಂದು ಮ್ಯಾರಥಾನಿನಲ್ಲಿ ಓಡಿದೆ. ಎಲ್ಲಿಯದು, ಯಾರದು ಎಂಬುದು ಬೇಡ. ದೂರ ೪೨.೧೯೫ ಕಿಲೋಮೀಟರು, ಗಡುವು ಆರೂವರೆ ಗಂಟೆ. ಗಡುವನ್ನು ಗೊತ್ತುಮಾಡಿದವರು ಅವರೇ, ನಾನಲ್ಲ. ೩೪ನೆಯ ಕಿಲೋಮೀಟರಿನ ಹತ್ತಿರ ಬಂದಾಗ ಐದು ಗಂಟೆ ಹತ್ತು ನಿಮಿಷವಾಗಿತ್ತು. ಲೆಕ್ಕದ ಪ್ರಕಾರ ನಾನಿನ್ನೂ ಗಡುವಿನೊಳಗೇ ಇದ್ದೆ. ಆದರೆ ಅಲ್ಲಿ ನೀರಿನ ಮೇಜುಗಳನ್ನು ಮಡಿಸಿ ಲಾರಿಗೆ ಏರಿಸುತ್ತಿದ್ದರು. “ಎಲ್ಲಾ ಮುಗೀತು ಸಾರ್, ನೀವು ತುಂಬಾ ಲೇಟು” ಎಂದ ಅಲ್ಲಿದ್ದ ಹುಡುಗ. ಬಿಸಿಲು ನೆತ್ತಿಗೆ ಏರುತ್ತಿತ್ತು. ಮುಂದೆ ಎರಡು ಕಿಲೋಮೀಟರಿನಾಚೆ ಎಳನೀರಿನ ಗಾಡಿಯವನೊಬ್ಬ ಸಿಕ್ಕ. ನನ್ನ ಹತ್ತಿರ ಬಿಡಿಗಾಸಿರಲಿಲ್ಲ. “ಕುಡೀರಿ ಸ್ವಾಮಿ, ಬಿದ್ದುಗಿದ್ದು ಹೋದೀರಿ” ಎಂದು ಕೆತ್ತಿ ಕೊಟ್ಟ. ಅವನ ಬಾಕಿಯನ್ನು ಆ ಸಂಜೆಯೇ ತೀರಿಸಿದೆನೆನ್ನಿ. ಅಂತೂ ಗುರಿ ಮುಟ್ಟಿದಾಗ ಗಡುವಿಗೆ ಇನ್ನೂ ಐದು ನಿಮಿಷವಿತ್ತು. ಗಾಳಿ ತುಂಬಿದ ಕಮಾನು ಮಾತ್ರ ಗಾಳಿ ಕಳೆದುಕೊಂಡು ನೆಲದ ಮೇಲೆ ಬೋರಲಾಗಿ ಮಲಗಿತ್ತು.

ಪರೀಕ್ಷೆಯ ಕೊಠಡಿಯಲ್ಲಿ ವರ್ಷಗಟ್ಟಲೆ ಮೇಲ್ವಿಚಾರಣೆ ಮಾಡಿದವನು ನಾನು. ಮೂರು ಗಂಟೆಯ ಪತ್ರಿಕೆ. ಜಾಣ ಹುಡುಗರು ಎರಡೂವರೆ ಗಂಟೆಗೇ ಬರೆದು ಎದ್ದುಹೋದರೆಂದು, ಇನ್ನೂ ಬರೆಯುತ್ತಿರುವವನ ಕೈಯಿಂದ ಉತ್ತರಪತ್ರಿಕೆಯನ್ನು ಕಿತ್ತುಕೊಂಡು ಫ್ಯಾನು ನಿಲ್ಲಿಸಿದರೆ ತಂದೆತಾಯಿಗಳು ನಮ್ಮನ್ನು ಬಿಟ್ಟಾರೆಯೆ? ಅವನು ದಡ್ಡನಿರಬಹುದು, ಅರ್ಧ ಗಂಟೆ ಅವನದು. ಅದಕ್ಕೂ ಶುಲ್ಕ ಕಟ್ಟಿದ್ದಾನೆ. ಓಟದಲ್ಲಿಯೂ ಮೂರು ಗಂಟೆಯಲ್ಲಿ ಮುಗಿಸುವವನೂ ಆರು ಗಂಟೆ ತೆಗೆದುಕೊಳ್ಳುವವನೂ ಒಂದೇ ಶುಲ್ಕ ತೆರುತ್ತಾರೆ. ಒಂದು ಕಿಲೋಮೀಟರಿಗೆ ದೇಹ ವ್ಯಯಿಸುವ ಶಕ್ತಿಯೂ ಇಬ್ಬರಿಗೂ ಹೆಚ್ಚುಕಡಮೆ ಒಂದೇ. ಆದರೆ ಮೊದಲನೆಯವನು ತಂಪು ಹೊತ್ತಿನಲ್ಲಿ ಓಡಿ ಮನೆ ಸೇರುತ್ತಾನೆ. ಎರಡನೆಯವನು ಬಿಸಿಲಿನಲ್ಲಿ ಉಳಿಯುತ್ತಾನೆ. ನೀರು ಮುಗಿಯುವುದು ಎರಡನೆಯವನಿಗೆ! ಇದು ಯಾವ ಊರಿನ ನ್ಯಾಯ?

ನಿಧಾನವಾಗಿ ಓಡುವವರು ಅತಿಯಾಗಿ ನೀರು ಕುಡಿದು, ರಕ್ತದ ಸೋಡಿಯಂ ಇಳಿದು ಅಪಾಯಕ್ಕೆ ಸಿಕ್ಕುವುದುಂಟೆಂದು ವೈದ್ಯರು ಎಚ್ಚರಿಸುತ್ತಾರೆ. ಒಪ್ಪಿದೆ. ಅತಿಯಾಗಿ ಕುಡಿಯಬೇಕಾದರೂ ಮೊದಲು ನೀರಿರಬೇಕಷ್ಟೆ.

“ದಿನವಿಡೀ ರಸ್ತೆ ಮುಚ್ಚಲಾದೀತೆ?” ಎಂದು ಕೇಳುವವರಿದ್ದಾರೆ. ಇದು ತೂಕದ ಮಾತು. ಆಸ್ಪತ್ರೆಗೆ ಹೋಗುವವರಿದ್ದಾರೆ, ಬಸ್ಸು ಕಾಯುವವರಿದ್ದಾರೆ. ನನ್ನ ಹವ್ಯಾಸಕ್ಕಾಗಿ ಊರು ಕೈಕಟ್ಟಿ ನಿಲ್ಲಬೇಕಾಗಿಲ್ಲ. ಹೊತ್ತು ಮೀರಿದವನು ಫುಟ್‌ಪಾತ್ ಹತ್ತಲಿ. (ನಮ್ಮ ಬಡಾವಣೆಯ ಫುಟ್‌ಪಾತಿನಲ್ಲಿ ಓಡಿ ಬಲ್ಲವನಿಗೆ ಇದೆಷ್ಟು ದೊಡ್ಡ ತ್ಯಾಗವೆಂಬುದು ಗೊತ್ತು: ಒಂದು ಕಡೆ ಎದ್ದ ಚಪ್ಪಡಿ, ಇನ್ನೊಂದು ಕಡೆ ಸಾಲಾಗಿ ನಿಂತ ಸ್ಕೂಟರು.) ಆದರೆ ಗಡುವೆಂಬುದು ಇಬ್ಬರ ನಡುವಿನ ಮಾತು. ಅದನ್ನು ಮೀರಿದರೆ ಪದಕವಿಲ್ಲವೆಂದು ನನಗೆ ಹೇಳುವವರು, ಅದಕ್ಕಿಂತ ಮುಂಚೆ ಮೇಜು ಮಡಿಸುವ ಹಕ್ಕನ್ನು ಎಲ್ಲಿಂದ ತಂದರು?

ಇದು ಆಗದ ಕೆಲಸವೇನಲ್ಲ. ಹೊನೊಲುಲುವಿನ ಮ್ಯಾರಥಾನಿಗೆ ಗಡುವೇ ಇಲ್ಲ. ೨೦೧೯ರ ಲಂಡನ್ ಓಟದಲ್ಲಿ ಹಿಂದುಳಿದವರನ್ನು ಹೀಯಾಳಿಸಿದರು, ಅವರಿನ್ನೂ ಓಡುತ್ತಿರುವಾಗಲೇ ರಸ್ತೆ ತೊಳೆಯಲು ಹೊರಟರು ಎಂದು ದೊಡ್ಡ ಗಲಾಟೆಯಾಯಿತು. ವ್ಯವಸ್ಥಾಪಕರು ತಪ್ಪೊಪ್ಪಿಕೊಂಡು, ಮುಂದಿನ ಓಟಗಳಲ್ಲಿ ಎಂಟು ಗಂಟೆಯ ಲೆಕ್ಕದಲ್ಲಿ ಕಟ್ಟಕಡೆಯವರ ಜೊತೆಗೆ ನಡೆಯುವುದಕ್ಕೆಂದೇ ಜನರನ್ನು ನೇಮಿಸುವ ಏರ್ಪಾಡು ಮಾಡಿದರು. ಅಲ್ಲಿಯ ಬಿಸಿಲೋ, ಹೇಳಿಕೊಳ್ಳುವಂಥದಲ್ಲ. ನಮ್ಮಲ್ಲಿ ಅಷ್ಟೆಲ್ಲ ಬೇಡ. ಕಡೆಯ ಓಟಗಾರನ ಹಿಂದೆ ಎರಡು ಕ್ಯಾನು ನೀರು ಹೊತ್ತ ಒಂದು ಆಟೋ ಬಂದರೆ ಸಾಕು.

ಈ ವರ್ಷ ಮತ್ತೆ ಹೆಸರು ಕೊಟ್ಟಿದ್ದೇನೆ. ಎಷ್ಟು ಹೊತ್ತಿನಲ್ಲಿ ಮುಗಿಸುವಿರೆಂಬ ಪ್ರಶ್ನೆಗೆ ‘ಆರು ಗಂಟೆ ಇಪ್ಪತ್ತೈದು ನಿಮಿಷ’ ಎಂದು ಪ್ರಾಮಾಣಿಕವಾಗಿ ತುಂಬಿ, ಆ ಹೊತ್ತಿಗೆ ೩೪ನೆಯ ಕಿಲೋಮೀಟರಿನಲ್ಲಿ ನೀರಿರುತ್ತದೆಯೇ ಎಂದು ವ್ಯವಸ್ಥಾಪಕರಿಗೆ ಬರೆದು ಕೇಳಿದೆ. ಶುಲ್ಕ ಸಂದಾಯವಾಯಿತೆಂಬ ರಸೀದಿ ಎರಡೇ ನಿಮಿಷದಲ್ಲಿ ಬಂತು. ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.