ಕ್ಯಾಮೆರಾ ಚಲೋ ಐತಿ, ಮುಖ ಯಾರದು?

ಕಳೆದ ತಿಂಗಳು ರಾಮದುರ್ಗದ ಮೊಬೈಲ್ ಅಂಗಡಿಯೊಂದರಲ್ಲಿ ಒಡೆದ ಸ್ಕ್ರೀನ್ ಗಾರ್ಡ್ ಬದಲಿಸಿಕೊಳ್ಳಲು ಕೂತಿದ್ದೆ. ಡಿಗ್ರಿ ಓದುವ ಹುಡುಗನೊಬ್ಬ ಬಂದು, ‘ಅಣ್ಣಾ, ಕ್ಯಾಮೆರಾ ಚಲೋ ಇರೋದೊಂದು ತೋರಸ್ರಿ’ ಅಂದ. ಅಂಗಡಿಯವನು ಬೆಲೆ ಹೇಳಲಿಲ್ಲ, ಕಂಪನಿ ಹೇಳಲಿಲ್ಲ. ಒಂದು ಫೋನ್ ಎತ್ತಿ ಹುಡುಗನದೇ ಫೋಟೊ ಹೊಡೆದು ಅವನ ಮುಂದೆ ಹಿಡಿದ. ‘ನೋಡ್ ತಮ್ಮಾ, ಎಷ್ಟ್ ಕೆಂಪಗ ಬಂದೀ!’

ಹುಡುಗ ನಾಚಿ ನಕ್ಕ. ಅರ್ಧ ವ್ಯಾಪಾರ ಅಲ್ಲೇ ಮುಗಿಯಿತು. ನಮ್ಮ ಕಡೆ ಕೆಂಪಗೆ ಅಂದರೆ ಬೆಳ್ಳಗೆ. ಹೆಣ್ಣು ನೋಡಲು ಹೋದವರು ವಾಪಸ್ ಬಂದು ಹೇಳುವ ಮೊದಲ ಮಾತು ಅದೇ. ಅದೇ ಮಾತು ಈಗ ಕ್ಯಾಮೆರಾದ ಗುಣವನ್ನು ಅಳೆಯುವ ಗಜಕಡ್ಡಿಯಾಗಿದೆ.

ಹುಡುಗನನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನಾನೂ ಎಷ್ಟೋ ತಿಂಗಳಿಂದ ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಹೊಸ ಫೋನುಗಳ ವಿಡಿಯೊ ನೋಡುತ್ತಿದ್ದೇನೆ. ಕೈಯಲ್ಲಿರುವುದು ಚೆನ್ನಾಗಿಯೇ ಇದೆ. ಆದರೂ 200 ಮೆಗಾಪಿಕ್ಸೆಲ್ ಎಂಬ ಸಂಖ್ಯೆ ಕಂಡರೆ ಎದೆ ಝಲ್ಲೆನ್ನುತ್ತದೆ.

ಆ ಸಂಖ್ಯೆಯನ್ನೇ ಮೊದಲು ಬಿಡಿಸಿ ನೋಡೋಣ. 200 ಮೆಗಾಪಿಕ್ಸೆಲ್ ಅಂದರೆ 20 ಕೋಟಿ ಚುಕ್ಕೆ. ನಾವು ಸುಮ್ಮನೆ ಬಟನ್ ಒತ್ತಿದಾಗ ಇಂಥ ಫೋನು ಸಾಮಾನ್ಯವಾಗಿ ಹದಿನಾರು ಹದಿನಾರು ಚುಕ್ಕೆಗಳನ್ನು ಒಂದಾಗಿ ಕೂಡಿಸಿ, ಒಂದೂಕಾಲು ಕೋಟಿ ಚುಕ್ಕೆಯ ಚಿತ್ರ ಕೊಡುತ್ತದೆ. ಅದನ್ನು ನೋಡುವ ಪರದೆ 1080 ಅಡ್ಡ, 2400 ಉದ್ದದ್ದಾದರೆ ಅದರಲ್ಲಿ ಇರುವುದೇ 26 ಲಕ್ಷ ಚುಕ್ಕೆ. ವಾಟ್ಸಾಪಿಗೆ ಹಾಕಿದರೆ ಅದು ಮತ್ತೂ ಹಿಂಡಿ ಕಳಿಸುತ್ತದೆ. 20 ಕೋಟಿಗೆ ದುಡ್ಡು ಕೊಟ್ಟವರು ಲಕ್ಷಗಳಲ್ಲಿ ನೋಡುತ್ತೇವೆ.

ಇದು ಬರೀ ದುಡ್ಡಿನ ನಷ್ಟವಾಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ನನ್ನ ತಕರಾರು ಬೇರೆ. ‘ಚಲೋ ಕ್ಯಾಮೆರಾ’ ಎಂದು ನಮಗೆ ಮಾರುತ್ತಿರುವುದು ನಮ್ಮನ್ನು ಇದ್ದ ಹಾಗೆ ತೋರಿಸದ ಕ್ಯಾಮೆರಾ.

ನಮ್ಮ ಮನೆಯ ಕಥೆ ಹೇಳುತ್ತೇನೆ. ಅಪ್ಪ ಕೈಮಗ್ಗದ ನೇಕಾರ. ಚಿಕ್ಕಂದಿನಲ್ಲಿ ಸಿಡುಬು ಎದ್ದು ಕೆನ್ನೆ ತುಂಬ ಕಲೆ ಉಳಿದಿತ್ತು. ಬಲಹುಬ್ಬಿನ ಮೇಲೆ ಹಾರಿ ಬಂದ ಲಾಳಿ ಬಡಿದ ಗಾಯದ ಗುರುತು. 2022ರಲ್ಲಿ ಅಕ್ಕನ ಮಗನ ಮದುವೆಯಲ್ಲಿ ನೆಂಟರೊಬ್ಬರು ಹೊಸ ಫೋನಿನಲ್ಲಿ ಅಪ್ಪನ ಫೋಟೊ ತೆಗೆದರು. ಎಲ್ಲರೂ ‘ಭಾಳ ಚಲೋ ಬಂದೈತಿ’ ಅಂದೆವು. ಮರುವರ್ಷ ಅಪ್ಪ ತೀರಿಕೊಂಡಾಗ ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗೋಡೆಗೆ ಹಾಕಿದೆವು. ಹಾರ ಹಾಕುವಾಗ ಅವ್ವ ಹತ್ತಿರ ಹೋಗಿ ದಿಟ್ಟಿಸಿದಳು. ‘ಇವರು ಯಾರೋ?’ ಅಂದಳು.

ನಾವು ಆಗ ಸರಿಯಾಗಿ ನೋಡಿದೆವು. ಕಲೆ ಇರಲಿಲ್ಲ, ಹುಬ್ಬಿನ ಗುರುತು ಇರಲಿಲ್ಲ, ಬಣ್ಣವೂ ಅಪ್ಪನದಲ್ಲ. ಸಿಡುಬು ಈ ದೇಶ ಬಿಟ್ಟು ಹೋದದ್ದು 1975ರಲ್ಲಿ. ಅಪ್ಪನ ಮುಖ ಬಿಟ್ಟು ಹೋದದ್ದು 2022ರಲ್ಲಿ, ಫೋನಿನ ಬ್ಯೂಟಿ ಮೋಡಿನಿಂದ.

ಇದು ಯಂತ್ರದ ತಪ್ಪಲ್ಲ, ಬಳಸುವವರ ತಪ್ಪು ಎನ್ನುವವರಿದ್ದಾರೆ. ಯಂತ್ರ ತಾನೇ ತಾನಾಗಿ ಹುಟ್ಟುವುದಿಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಫೋಟೊ ಲ್ಯಾಬುಗಳಿಗೆ ‘ಶರ್ಲಿ ಕಾರ್ಡ್’ ಕಳಿಸುತ್ತಿತ್ತು. ಅದರಲ್ಲಿ ಇದ್ದದ್ದು ಬಿಳಿಯ ಹೆಣ್ಣುಮಗಳ ಚಿತ್ರ. ಅವಳ ಚರ್ಮ ಸರಿ ಕಂಡರೆ ಬಣ್ಣ ಸರಿ ಇದೆ ಎಂದು ಲೆಕ್ಕ. ಕಪ್ಪು ಮುಖಗಳು ಮಸಿಯಾಗಿ ಬಂದರೂ ಬಹುಕಾಲ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಂಪನಿಯಲ್ಲಿದ್ದವರೇ ಹೇಳಿಕೊಂಡಂತೆ, ಕಂದು ಬಣ್ಣ ಸುಧಾರಿಸಲು ಒತ್ತಾಯ ಬಂದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾಡುವವರಿಂದ. ಮನುಷ್ಯರ ಮುಖಕ್ಕಿಂತ ಮೊದಲು ಮೇಜು ಕುರ್ಚಿಗೆ ನ್ಯಾಯ ಸಿಕ್ಕಿತು!

ಮೊಬೈಲಿನ ಕಾಲದಲ್ಲೂ ಕಥೆ ಬಹಳ ಬದಲಾಗಿಲ್ಲ. ಮುಖ ತಿದ್ದುವ ಸೌಲಭ್ಯವನ್ನು ಬಳಸುವವರು ತಾವಾಗಿ ಆರಿಸಿಕೊಳ್ಳುವವರೆಗೆ ಬಂದ್ ಇಡುತ್ತೇವೆ ಎಂದು ಗೂಗಲ್ ತನ್ನ ಪಿಕ್ಸೆಲ್ ಫೋನುಗಳ ಬಗ್ಗೆ ಹೇಳಿದ್ದು 2020ರಲ್ಲಿ. ಕಪ್ಪು, ಕಂದು ಚರ್ಮ ಇದ್ದ ಹಾಗೆ ಬರಬೇಕೆಂದು ಕ್ಯಾಮೆರಾ ತಿದ್ದಿದ್ದು 2021ರಲ್ಲಿ. ಅಂದರೆ ಅಲ್ಲಿಯವರೆಗೆ ಸರಿ ಇರಲಿಲ್ಲ ಎಂದು ಮಾಡಿದವರೇ ಒಪ್ಪಿಕೊಂಡ ಹಾಗಾಯಿತು. ಆದರೆ ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಮುಖ ಬೆಳ್ಳಗಾಗುವುದೇ ಹೆಚ್ಚುಗಾರಿಕೆ.

ಹಾಗಾದರೆ ಬಡವರ ಮಕ್ಕಳು ಒಳ್ಳೆಯ ಫೋನಿಗೆ ಆಸೆಪಡಬಾರದೇ? ಖಂಡಿತ ಪಡಬೇಕು. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟು ಮಲಪ್ರಭೆ ಊರೊಳಗೆ ಬಂದಾಗ ನಾವು ಕಂಡದ್ದೇನು? ಜನ ಬಿದ್ದ ಗೋಡೆ, ಕೆಸರು ತುಂಬಿದ ಮಗ್ಗ, ತೊಯ್ದ ಟ್ರಂಕಿನ ಫೋಟೊ ಹೊಡೆದುಕೊಂಡರು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿದಾಗ ‘ನಮ್ಮ ಮನಿ ಹಿಂಗ್ ಬಿದ್ದಿತ್ರಿ’ ಎಂದು ತೋರಿಸಲು ಕೈಯಲ್ಲಿ ಇದ್ದದ್ದು ಆ ಫೋಟೊಗಳೇ. ಹಿಂದೆ ಸ್ಟುಡಿಯೊ ಮೆಟ್ಟಿಲು ಹತ್ತಲು ಯೋಚಿಸುತ್ತಿದ್ದವರ ಕೈಗೆ ಕ್ಯಾಮೆರಾ ಕೊಟ್ಟದ್ದು ಮೊಬೈಲು. ಅದರ ಋಣ ನಾನು ಮರೆಯುವವನಲ್ಲ.

ಆದರೆ ಆ ದಿನ ಯಾರಿಗೂ ಬಿದ್ದ ಗೋಡೆ ಚೆಂದ ಕಾಣಬೇಕಾಗಿರಲಿಲ್ಲ. ಬಿರುಕು ಬಿರುಕಾಗಿಯೇ ಕಾಣಬೇಕಿತ್ತು. ಗೋಡೆಯ ಫೋಟೊದಲ್ಲಿ ನಿಜ ಬೇಕೆನ್ನುವ ನಾವು ಮುಖದ ಫೋಟೊದಲ್ಲಿ ಸುಳ್ಳು ಬೇಡುತ್ತಿದ್ದೇವೆ. ಆ ಸುಳ್ಳನ್ನೂ ಸಾಲ ಮಾಡಿ ಕೊಳ್ಳುತ್ತಿದ್ದೇವೆ. ‘ಬಡ್ಡಿ ಇಲ್ಲದ ಕಂತು’ ಎಂದು ಅಂಗಡಿ ಬಾಗಿಲಲ್ಲಿ ಬರೆದಿರುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಾವು ಬಿಟ್ಟುಕೊಟ್ಟ ರಿಯಾಯಿತಿಯಲ್ಲೋ ಕೊಟ್ಟ ಶುಲ್ಕದಲ್ಲೋ ಅದು ಅಡಗಿ ಕೂತಿರುತ್ತದೆ.

ಸಾಹಿತ್ಯ ಓದುವ ನಿಮಗೆ ಇದು ಹೊಸತಲ್ಲ. ಊರನ್ನು ಇದ್ದ ಹಾಗೆ, ಮಾತನ್ನು ಆಡಿದ ಹಾಗೆ ಬರೆದವರನ್ನು ನಾವು ದೊಡ್ಡ ಲೇಖಕರು ಎನ್ನುತ್ತೇವೆ. ಎರೆಮಣ್ಣನ್ನು ಎರೆಮಣ್ಣೆಂದೇ ಬರೆದರೆ ಮೆಚ್ಚುವ ನಾವು, ಅದೇ ಬಣ್ಣದ ನಮ್ಮ ಮುಖವನ್ನು ಮಾತ್ರ ತೊಳೆದು ಕೊಡು ಎಂದು ಯಂತ್ರಕ್ಕೆ ಹೇಳುವುದೇಕೆ?

ಆ ಕಟ್ಟು ಹಾಕಿದ ಫೋಟೊ ಈಗ ನಮ್ಮ ಗೋಡೆಯ ಮೇಲಿಲ್ಲ. ಅಪ್ಪನ ಹಳೆಯ ಬ್ಯಾಂಕ್ ಪಾಸ್‌ಬುಕ್ಕಿಗೆ ಅಂಟಿಸಿದ್ದ ಅಂಚೆಚೀಟಿಯಷ್ಟು ಫೋಟೊ ಸಿಕ್ಕಿತು. ಅದನ್ನೇ ದೊಡ್ಡದು ಮಾಡಿಸಿದೆವು. ಮಸುಕಾಗಿದೆ, ಮೂಲೆಯಲ್ಲಿ ರಬ್ಬರ್ ಸ್ಟಾಂಪಿನ ಗುರುತೂ ಇದೆ. ಆದರೆ ಕೆನ್ನೆಯ ಕಲೆಗಳು ಅಲ್ಲೇ ಇವೆ. ‘ಈಗ ನಿಮ್ಮಪ್ಪ ಅನಸ್ತಾರ ನೋಡ್’ ಅಂದಳು ಅವ್ವ.

ಹೊಸ ಫೋನಿನ ಆಸೆ ನನಗೆ ಹೋಗಿಲ್ಲ. ನಿಮಗೂ ಹೋಗಬೇಕಿಲ್ಲ. ಕೊಳ್ಳಲು ಹೋಗುವಾಗ ಅವ್ವನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಅಂಗಡಿಯಲ್ಲೇ ಅವರ ಒಂದು ಫೋಟೊ ತೆಗೆಯಿರಿ. ಅದನ್ನು ಅವರ ಮುಖದ ಪಕ್ಕಕ್ಕೆ ಹಿಡಿದು ನೋಡಿ. ಎರಡೂ ಒಬ್ಬರವೇ ಅನ್ನಿಸಿದರೆ ದುಡ್ಡು ಕೊಡಿ. ಅನ್ನಿಸದಿದ್ದರೆ ಬ್ಯೂಟಿ ಮೋಡ್ ತೆಗೆಸಿ ಇನ್ನೊಮ್ಮೆ ನೋಡಿ. ಆಗಲೂ ಅನ್ನಿಸದಿದ್ದರೆ, ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಅಲ್ಲೇ ಇಟ್ಟು ಬನ್ನಿ.