ಬಂಗಲೆಯ ಹಿಂದಿನ ಮೆಟ್ಟಲು

ಏಳನೆಯ ಎಡ್ವರ್ಡ್ ದೊರೆಯ ಕಾಲದ (1901-1910) ಮುಂಬಯಿಯನ್ನು ಹಿನ್ನೆಲೆಯಾಗಿಟ್ಟುಕೊಂಡು ಅದ್ಭುತ ಕಾದಂಬರಿ ಬರೆಯಹೊರಡುವ ತರುಣರು, ಮನೆಯಾಳುಗಳ ರೀತಿನೀತಿಯನ್ನು ಇಂಗ್ಲಿಷ್ ಪುಸ್ತಕಗಳಲ್ಲೇ ಹುಡುಕುವುದೇಕೆಂದು ನಮಗೆ ತಿಳಿಯದು. ಲಂಡನ್ನಿನ ಬಟ್ಲರನನ್ನು ಹಾಗೆಯೇ ತಂದು ಮಲಬಾರ್ ಹಿಲ್ಲಿನಲ್ಲಿ ನಿಲ್ಲಿಸಿದರಾಯಿತೇ? ಅಲ್ಲಿ ಹುದ್ದೆಯಿಂದ ದರ್ಜೆ. ಇಲ್ಲಿ ಹುದ್ದೆಯ ಜೊತೆಗೆ ಜಾತಿಯೂ ಸೇರಿತ್ತು. ದೊರೆಗಳ ಬಂಗಲೆಯಲ್ಲಿ ಅಡಿಗೆ ಹಲವೆಡೆ ಗೋವೆಯವನದು, ಗುಡಿಸಿ ಒರೆಸುವುದು ಹಮಾಲನದು, ಮಗು ಆಯಾಳದು. ಕಕ್ಕಸು ತೊಳೆಯುವವನಿಗೆ ಮುಂಬಾಗಿಲೇ ಇಲ್ಲ. ಹಿಂಬದಿಯ ಕಬ್ಬಿಣದ ಸುತ್ತುಮೆಟ್ಟಲೇ ಅವನ ದಾರಿ. ಹಳೆಯ ಕಟ್ಟಡಗಳಲ್ಲಿ ಆ ಮೆಟ್ಟಲು ಇಂದಿಗೂ ಉಂಟು, ಹೋಗಿ ನೋಡಬಹುದು. ಕೊಂಕಣದಿಂದ ಬಂದ ಮನೆಯಾಳಿಗೆ ತಾಯಿ ಇಟ್ಟ ಹೆಸರು ಯಾವುದೇ ಇರಲಿ, ಈ ಊರು ಬಹುಕಾಲ ಅವನನ್ನು ‘ರಾಮಾ’ ಎಂದೇ ಕೂಗಿತು.

ನಮ್ಮವರೂ ಆಗಲೇ ಇಲ್ಲಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. 1909ರ ಮುಂಬಯಿ ಗ್ಯಾಝೆಟಿಯರನ್ನು ಓದಲಿ, ಚಾಳಿನ ಹಿರಿಯರನ್ನೂ ಕೇಳಲಿ. ಯಕ್ಷ ರಾಕ್ಷಸರನ್ನು ಬೇಕಾದಂತೆ ಕಲ್ಪಿಸಿಕೊಳ್ಳಲಿ, ನಮ್ಮ ತಕರಾರಿಲ್ಲ. ನೀರು ಹೊತ್ತವನನ್ನು ಕಲ್ಪಿಸಿಕೊಳ್ಳುವುದು ಬೇಡ. ಮನೆಗೆಲಸದವರ ಕಲ್ಯಾಣ ಮಂಡಳಿಗೆ ಮಹಾರಾಷ್ಟ್ರ ಕಾನೂನು ಮಾಡಿದ್ದು 2008ರಲ್ಲಿ. ಹೊಸ ಗಗನಚುಂಬಿಗಳಲ್ಲೋ, ಅವರಿಗೆ ಬೇರೆ ಲಿಫ್ಟು.